ಟೈರಿನ ಮೇಲೆ ಸೀಮೆಸುಣ್ಣದ ಗೆರೆ

ಮೇಡಂ ತೀರಿಕೊಂಡ ಮೇಲೆ ನಮ್ಮ ಹಳೆಯ ಕಾಲೇಜಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು, ಅವರು ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿದ ಕೋಣೆಯಲ್ಲೇ. ಕರಿಹಲಗೆಯ ಕೆಳಗೆ ಮೇಜು, ಮೇಜಿನ ಮೇಲೆ ಹಾರ ಹಾಕಿದ ಫೋಟೊ, ಊದುಬತ್ತಿ. ಮಾತಾಡಿದವರೆಲ್ಲ ಒಂದೇ ಪದ ಹಿಡಿದರು: ಸೌಮ್ಯ. ಸೌಮ್ಯ ಸ್ವಭಾವ, ಸೌಮ್ಯ ಮಾತು, ಯಾರಿಗೂ ಎದುರಾಡದವರು. ಕೊನೆಗೆ ಅವರ ಅಣ್ಣ ಎದ್ದು ನಿಂತರು. ತುಂಬ ವಯಸ್ಸಾಗಿತ್ತು, ಮಗ ತೋಳು ಹಿಡಿದುಕೊಂಡಿದ್ದ.

"ನನ್ನ ತಂಗಿ ಬಹಳ ಮೆತ್ತಗಿನವಳು. ಅವಳಿಗೆ ಕಾರು ಕಲಿಸಿದ್ದು ನಾನೇ. ಕಾರಿನ ಗಾಳಿ, ಎಣ್ಣೆ ಎಲ್ಲಾ ನಾನೇ ನೋಡ್ಕೋತಿದ್ದೆ," ಎಂದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಕಿವಿ ಬಿಸಿಯಾಯಿತು. ಸೌಮ್ಯ ಎಂದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಗಾಳಿಯ ಮಾತನ್ನು ಅವರೊಬ್ಬರು ಆಡಬಾರದಾಗಿತ್ತು.

ಮನೆಗೆ ಹೋಗಿ ಅಂದೇ ಬರೆಯಬೇಕೆನಿಸಿತ್ತು. ಬರೆಯಲಿಲ್ಲ. ಅದಕ್ಕೆ ಕಾರಣವೂ ಮೇಡಂ ಅವರದೇ ಒಂದು ಮಾತು. "ಬಿಸಿ ಟೈರಿಗೆ ಯಾವತ್ತೂ ಅಳತೆ ಹಿಡೀಬಾರ್ದು ಕಣೇ. ಓಡಿ ಬಂದಿರುತ್ತೆ, ಉಬ್ಬಿರುತ್ತೆ, ಇರೋದಕ್ಕಿಂತ ಜಾಸ್ತಿ ಹೇಳುತ್ತೆ. ತಣ್ಣಗಾದ್ಮೇಲೆ ಕೇಳು." ಕೆಲವು ತಿಂಗಳು ತಣ್ಣಗಾಗಿ ಈಗ ಕೂತಿದ್ದೇನೆ. ಹೇಳಬೇಕೆಂದಿದ್ದ ಮಾತಿನಲ್ಲಿ ಹೆಚ್ಚೇನೂ ಕಡಿಮೆಯಾಗಿಲ್ಲ.

ನಾನು ಚರಿತ್ರೆ ಓದಿದವಳು. ಜ್ಞಾನಭಾರತಿಯಲ್ಲಿ ಎಂ.ಎ. ಮಾಡುವಾಗ ನಮಗೆ ಮೊದಮೊದಲು ಹೇಳಿಕೊಟ್ಟದ್ದು, ಕಣ್ಣಾರೆ ಕಂಡೆ ಎನ್ನುವವರನ್ನು ತುಸು ಹೆಚ್ಚೇ ಅನುಮಾನಿಸಬೇಕು ಎಂದು. ಹಾಗಾಗಿ ನನ್ನನ್ನೂ ಅನುಮಾನಿಸಿಕೊಂಡೇ ಬರೆಯುತ್ತಿದ್ದೇನೆ. ಆ ವರ್ಷಗಳ ದಿನಚರಿ ನನ್ನ ಬಳಿ ಇದೆ. ಅದೇನೂ ನೆರವಿಗೆ ಬರುವುದಿಲ್ಲ. ಮಾಗಡಿ ರಸ್ತೆಯಲ್ಲಿ ನಾವಿಬ್ಬರೂ ಸಾಯಬಹುದಾಗಿದ್ದ ದಿನದ ಪುಟದಲ್ಲಿ "ಮೇಡಂ ಜೊತೆ ಸುಂಕದಕಟ್ಟೆ ಆಚೆ. ಸೀಬೆಹಣ್ಣು ಚೆನ್ನಾಗಿತ್ತು" ಎಂದಷ್ಟೇ ಬರೆದುಕೊಂಡಿದ್ದೇನೆ.

ಎಂಬತ್ತರ ದಶಕದ ನಡುಭಾಗದಲ್ಲಿ ನಾನು ಆ ಕಾಲೇಜಿಗೆ ಚರಿತ್ರೆ ಪಾಠ ಮಾಡಲು ಸೇರಿದಾಗ ಮೇಡಂ ಅವರಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬಸವೇಶ್ವರನಗರದಲ್ಲಿ ತಂದೆಯ ಜೊತೆ ಇದ್ದರು. ತಂದೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಅವರದೇನಿದ್ದರೂ ಕಣ್ಣಿನಲ್ಲಿ ಅಳೆಯುವ ಜಾತಿ. ಆಗ ಬೆಂಗಳೂರಿನ ರಸ್ತೆಗಳಲ್ಲಿ ಎರಡು ಮೂರು ಬಗೆಯ ಕಾರುಗಳಷ್ಟೇ ಹೆಚ್ಚಾಗಿ ಕಾಣುತ್ತಿದ್ದವು. ಅದರಲ್ಲಿ ಚಿಕ್ಕದೊಂದನ್ನು ತಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಕಾರು ತಂದೆಯ ಹೆಸರಿನಲ್ಲಿತ್ತು, ಓಡಿಸುತ್ತಿದ್ದವಳು ಮಗಳು. ಅಣ್ಣನಿಗೆ ರಾಜಾಜಿನಗರದಲ್ಲಿ ಸಂಸಾರ, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಹುದ್ದೆ, ಓಡಾಟಕ್ಕೆ ಸ್ಕೂಟರು. ಮಗ ಸ್ಕೂಟರಿನಲ್ಲಿ ನೆನೆಯುವಾಗ ಮಗಳು ಕಾರಿನಲ್ಲಿ ಹೋಗುವುದು ಆ ಮನೆಯಲ್ಲಿ ಆರದೆ ಇದ್ದ ಒಲೆ.

ಮೇಡಂ ಅವರ ಕೈಚೀಲದ ವಿಷಯ ಮೊದಲು ಹೇಳಬೇಕು. ಬೇರೆ ಹೆಂಗಸರ ಚೀಲದಲ್ಲಿ ಬಾಚಣಿಗೆ, ಕನ್ನಡಿ ಇರುವ ಜಾಗದಲ್ಲಿ ಅವರ ಚೀಲದಲ್ಲಿ ಗಾಳಿ ಅಳೆಯುವ, ಪೆನ್ನಿನಂಥ ಒಂದು ಗೇಜು ಇರುತ್ತಿತ್ತು. ಅದರ ಪಕ್ಕ ಸೀಮೆಸುಣ್ಣದ ತುಂಡುಗಳು. ಬ್ಯಾಗಿನ ಒಳಬಟ್ಟೆಯೆಲ್ಲ ಬೆಳ್ಳಗೆ. ಪಾಠ ಮುಗಿಸಿ ಬಂದರೆ ಕೈ ತೊಳೆಯುವುದಕ್ಕೆ ಮುಂಚೆ ಸೆರಗಿಗೆ ಒರೆಸಿಕೊಂಡುಬಿಡುತ್ತಿದ್ದರು. ಒಳ್ಳೆಯ ಸೀರೆಯನ್ನೂ ಬಿಡುತ್ತಿರಲಿಲ್ಲ.

ಅವರು ಎಲ್ಲರಿಗೂ ಇಷ್ಟವಾಗಿದ್ದರು ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಸುಳ್ಳು. ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧದಷ್ಟು ಜನಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಕಷ್ಟ ಹೇಳಿಕೊಂಡರೆ "ಸರಿ, ಈಗ ಏನ್ಮಾಡ್ತೀರಾ?" ಎಂದು ಕೇಳಿ, ಉತ್ತರ ಬರದಿದ್ದರೆ ಪುಸ್ತಕ ತೆಗೆದು ಓದುತ್ತಾ ಕೂರುವವರು. ನಾನು ಅವರ ಕಾರಿನ ಬಾಗಿಲನ್ನು ಜೋರಾಗಿ ಹಾಕಿದ್ದಕ್ಕೆ ವಿಜಯನಗರದ ಬಸ್ ಸ್ಟಾಪಿನಲ್ಲಿ ಇಳಿಸಿ ಹೋದದ್ದುಂಟು. ಪ್ರಿನ್ಸಿಪಾಲರು ಒಮ್ಮೆ, ಹುಡುಗರು ನೋಡುತ್ತಾ ನಿಲ್ಲುತ್ತಾರೆ, ಕಾರನ್ನು ಹಿಂದುಗಡೆ ನಿಲ್ಲಿಸಿ ಎಂದು ಹೇಳಿ ಕಳಿಸಿದರು. ಮೇಡಂ ಮಾರನೆಯ ದಿನದಿಂದ ಅದನ್ನು ಪ್ರಿನ್ಸಿಪಾಲರ ಕಿಟಕಿಯ ನೇರಕ್ಕೆ ನಿಲ್ಲಿಸತೊಡಗಿದರು. "ಹುಡುಗ್ರು ನೋಡೋದಾದ್ರೆ ಅವರ ಎದುರಿಗೇ ನೋಡ್ಲಿ," ಎಂದರು.

ಹುಡುಗರು ನೋಡುತ್ತಿದ್ದದ್ದು ಟೈರುಗಳನ್ನು. ಅದರ ಕತೆ ಹೀಗೆ.

ಕಾರಿನ ಜೊತೆ ಬಂದಿದ್ದ ಟೈರುಗಳು ಸಣ್ಣಗೆ, ಎತ್ತರಕ್ಕೆ ಇದ್ದವು. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲುತ್ತಿತ್ತು. "ಸಾಹೇಬರ ಮುಂದೆ ನಿಂತ ಗುಮಾಸ್ತನ ಥರ ಬಗ್ಗುತ್ತೆ. ನೋಡೋಕಾಗಲ್ಲ," ಎನ್ನುತ್ತಿದ್ದರು. ಒಂದು ಭಾನುವಾರ ಎಲ್ಲೋ ಪಂದ್ಯಕ್ಕೆ ಹೊರಟಿದ್ದ ಕಾರುಗಳನ್ನು ನೋಡಿ ಬಂದರು. ಅವುಗಳ ಟೈರು ಅಗಲವಾಗಿ, ಗಿಡ್ಡಗೆ ಇದ್ದವು. ತಿರುವಿನಲ್ಲಿ ತಿರುಗಿದರೂ ಕಾರುಗಳು ನೆಟ್ಟಗೇ ಇದ್ದವಂತೆ. ಮುಂದಿನ ವಾರವೇ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಯಾವುದೋ ವಿದೇಶಿ ಕಾರಿನಿಂದ ಬಿಚ್ಚಿದ್ದ ಅಂಥ ನಾಲ್ಕು ಟೈರು ಹುಡುಕಿ ತಂದು, ಮಾರೇನಹಳ್ಳಿಯ ಟೈರು ಅಂಗಡಿಯಲ್ಲಿ ಇಳಿಸಿದರು. ನಾನೂ ಜೊತೆಗಿದ್ದೆ. ಅಂಗಡಿಯವರನ್ನು ಬೀದಿಯವರೆಲ್ಲ ಭಾಯ್ ಎನ್ನುತ್ತಿದ್ದರು. ಭಾರಿ ಬಾಯಿಯ ಮನುಷ್ಯ.

"ಏನ್ ಮೇಡಂ ಇದು? ಕಾರಿಗೆ ಹವಾಯಿ ಚಪ್ಲಿ ತಂದಿದೀರಾ?"

"ಹಾಕ್ರಿ ಭಾಯ್."

"ಹಾಕ್ತೀನಿ. ರಿಮ್ ಸಣ್ಣದು, ಟೈರ್ ಅಗಲ. ದಪ್ಪ ಮನುಷ್ಯಂಗೆ ಮಗು ಶರ್ಟ್ ಹಾಕ್ದಂಗೆ ಆಗುತ್ತೆ. ಬಟನ್ ಕಿತ್ಕೊಂಡ್ರೆ ನನ್ನ ಕೇಳ್ಬೇಡಿ."

"ಕೇಳಲ್ಲ."

ಹಾಕಿಸಿಕೊಂಡರು. ಕಾರು ನೆಲಕ್ಕೆ ಕೂತಿತು. ತಿರುವಿನಲ್ಲಿ ಬಾಗುವುದು ನಿಂತಿತು, ಅದು ನಿಜ. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ. ಆದರೆ ಆ ಆಯ್ಕೆ ತಪ್ಪಾಗಿತ್ತು. ಒಂದು ದಿನ ಕೆಂಗೇರಿಯ ಹತ್ತಿರ ನೆಂಟರ ಗೃಹಪ್ರವೇಶಕ್ಕೆ ತಂದೆಯನ್ನೂ ಅಣ್ಣನ ಸಂಸಾರವನ್ನೂ ಕೂರಿಸಿಕೊಂಡು ಹೋಗುವಾಗ, ಭಾರಕ್ಕೆ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಪಕ್ಕದಲ್ಲಿ ಕತ್ತರಿಸಿಹೋಯಿತು. ರೇಷ್ಮೆ ಸೀರೆ, ಪಂಚೆಗಳಲ್ಲಿ ಎಲ್ಲರೂ ಬಿಸಿಲಿನಲ್ಲಿ ನಿಂತರು. ಹೋಗುವಷ್ಟರಲ್ಲಿ ಪೂಜೆ ಮುಗಿದು, ಎರಡನೆಯ ಪಂಕ್ತಿಯೂ ಎದ್ದಿತ್ತಂತೆ.

ಅವತ್ತು ಸಂಜೆ ಅಣ್ಣ ತಂದೆಯ ಮುಂದೆ ನಿಂತು, "ಇನ್ನೊಂದ್ಸಲ ಏನಾದ್ರೂ ಆದ್ರೆ ಕಾರು ನಮ್ಮನೆಗೆ ಬರ್ಬೇಕು. ಇವಳು ಓಡಿಸ್ಬಾರ್ದು," ಎಂದರು. ತಂದೆ ಸುಮ್ಮನಿದ್ದರು. ಸುಮ್ಮನಿದ್ದದ್ದನ್ನು ಮಗ ಒಪ್ಪಿಗೆ ಎಂದುಕೊಂಡರು. ಮೇಡಂ ಕೂಡ ಹಾಗೆಯೇ ತಿಳಿದುಕೊಂಡರು.

ಇದನ್ನು ನನಗೆ ಹೇಳಿದಾಗ ಅವರು ಅಳುತ್ತಾರೆಂದು ನಾನು ಹೆದರಿದ್ದೆ. ಅವರು ಸ್ಟಾಫ್ ರೂಮಿನ ಮೇಜಿನ ಮೇಲೆ ತಮ್ಮ ಊಟದ ಡಬ್ಬಿಯ ಮುಚ್ಚಳವನ್ನೂ, ನನ್ನ ಚಿಕ್ಕ ಡಬ್ಬಿಯ ಮುಚ್ಚಳವನ್ನೂ ನಿಲ್ಲಿಸಿ ಉರುಳಿಸತೊಡಗಿದರು.

"ಇಲ್ಲಿ ನೋಡು. ದೊಡ್ಡದು ಒಂದು ಸುತ್ತು ಸುತ್ತಿದ್ರೆ ಇಲ್ಲಿಗೆ ಬರುತ್ತೆ. ಚಿಕ್ಕದು ಇಲ್ಲೇ ನಿಲ್ಲುತ್ತೆ. ಕಾರಿನ ಮೀಟರಿಗೆ ಸುತ್ತು ಎಣಿಸೋದು ಬಿಟ್ರೆ ಏನೂ ಬರಲ್ಲ. ನಾನು ಹಾಕಿಸಿದ್ದು ಗಿಡ್ಡ ಟೈರು, ಅಂದ್ರೆ ಮೀಟರು ಓಡದೇ ಇರೋ ದೂರಾನೂ ಓಡಿದೀನಿ ಅಂತಿದೆ. ಮುಳ್ಳು ತೋರಿಸ್ತಿದ್ದ ಸ್ಪೀಡೂ ಸುಳ್ಳು."

"ಹಾಗಾದ್ರೆ ಹಳೇ ಟೈರೇ ಹಾಕಿಸ್ಬಿಡಿ ಮೇಡಂ."

"ಯಾಕೆ? ತಪ್ಪು ನಂದು. ತಿದ್ದೋಳೂ ನಾನೇ."

ನನಗೆ ಆಗ ಅರ್ಥವಾದದ್ದು ಇಷ್ಟು. ಇಂಥ ಟೈರಿನ ಮೇಲೆ ಅಗಲ ಬರೆದಿರುತ್ತದೆ. ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅಗಲವನ್ನು ನೂರು ಎಂದುಕೊಂಡರೆ ಪಕ್ಕದ ಗೋಡೆಯ ಎತ್ತರ ಎಷ್ಟು ಎಂದು ಅದು ಹೇಳುತ್ತದೆ. ಮೊದಲು ತಂದದ್ದು ಅರವತ್ತರದು. ಅವರು ಲೆಕ್ಕ ಹಾಕಿ, ಹಳೆಯ ಟೈರಿನ ಸುತ್ತಳತೆಗೆ ಹತ್ತಿರ ಬರುವ, ಎಪ್ಪತ್ತರ ಟೈರುಗಳನ್ನೂ ಅದಕ್ಕೆ ತಕ್ಕ ಅಗಲದ ರಿಮ್ಮುಗಳನ್ನೂ ಹುಡುಕಿದರು. ಅದಕ್ಕೆ ತಿಂಗಳುಗಳೇ ಹಿಡಿದಿರಬೇಕು. ಭಾಯ್ ಈ ಸಲ ಚಪ್ಪಲಿಯ ಮಾತಾಡಲಿಲ್ಲ. "ಈಗ ಶೂ ಆಯ್ತು," ಎಂದರು. ಕೂಡಲೇ, "ಮೊದ್ಲೇ ನನ್ನ ಮಾತು ಕೇಳಿದ್ರೆ?" ಎಂದೂ ಸೇರಿಸಿದರು.

"ನೀವು ಹೇಳಿದ್ದು ರಿಮ್ ವಿಷಯ. ಎತ್ತರದ ವಿಷಯ ನೀವೂ ಹೇಳ್ಲಿಲ್ಲ."

ಭಾಯ್ ನಕ್ಕು ಜ್ಯಾಕ್ ಇಳಿಸಿದರು.

ಗಾಳಿಯ ಕತೆ ಬೇರೆ. ಈ ಹೊಸ ಬಗೆಯ ಟೈರು ಸರಿಯಾಗಿ ಗಾಳಿ ಇದ್ದಾಗಲೂ ನೆಲಕ್ಕೆ ತಾಗುವಲ್ಲಿ ಸ್ವಲ್ಪ ಹೊಟ್ಟೆ ಬಿಟ್ಟುಕೊಂಡಂತೆ ಕಾಣುತ್ತದೆ. ಆಗ ನಮ್ಮ ಕಡೆ ಅದನ್ನು ಯಾರೂ ಹೆಚ್ಚು ನೋಡಿರಲಿಲ್ಲ. ಅಂದಿನವರ ಪ್ರಕಾರ ಟೈರು ಎಂದರೆ ಒದ್ದರೆ ಠಣ್ ಎನ್ನಬೇಕು. ಆದ್ದರಿಂದ ಮೇಡಂ ಕಾರು ಹೊರಟರೆ ರಾಜಾಜಿನಗರದಿಂದ ವಿಜಯನಗರದವರೆಗೂ ಊರಿಗೆ ಊರೇ ಕೂಗುತ್ತಿತ್ತು. ಸ್ಕೂಟರಿನವರು ಪಕ್ಕಕ್ಕೆ ಬಂದು "ಮೇಡಂ, ಗಾಳಿ ಕಮ್ಮಿ!" ಬಸ್ಸಿನ ಫುಟ್‌ಬೋರ್ಡಿನಿಂದ ಕಂಡಕ್ಟರು "ಅಮ್ಮಾ, ಟೈರ್ ನೋಡ್ಕೊಳ್ಳಿ!" ಹೂ ಮಾರುವವಳು ಕೂಡ ಒಮ್ಮೆ ಹೇಳಿದಳು. ಉಪಕಾರದ ಮಾತೇ ಅದು. ಆದರೆ ಗಂಡಸು ಓಡಿಸುವ ಕಾರಿಗೆ ಅಷ್ಟು ಉಪಕಾರ ಸಿಗುತ್ತಿತ್ತೇ ಎಂದು ನನಗೆ ಇಂದಿಗೂ ಅನುಮಾನ.

ಮೇಡಂ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದರು. ಸಿಗ್ನಲ್ಲಿನಲ್ಲಿ ಒಬ್ಬ ಮೀಸೆಯವನಿಗೆ, "ನಿಮಗೆ ಕಾಣ್ತಿರೋದು ಹೊಟ್ಟೆ ಸಾರ್. ಗಾಳಿ ಕಣ್ಣಿಗೆ ಕಾಣಲ್ಲ. ನಿಮ್ದೂ ಮುಂದಕ್ಕೆ ಬಂದಿದೆ, ಗಾಳಿ ಕಮ್ಮಿ ಅಂತೀನಾ ನಾನು?" ಎಂದರು. ನಾನು ಸೀಟಿನೊಳಗೆ ಕುಸಿದುಹೋದೆ. ಆ ಮನುಷ್ಯ ಸಿಗ್ನಲ್ ಬಿಡುವ ಮೊದಲೇ ಹೊರಟುಬಿಟ್ಟ.

ಕಣ್ಣಿಗೆ ಕಾಣದ್ದನ್ನು ಅವರು ಕಂಡುಕೊಂಡದ್ದು ಸೀಮೆಸುಣ್ಣದಿಂದ. ಬೆಳಿಗ್ಗೆ, ಟೈರು ತಣ್ಣಗಿರುವಾಗ, ನೆಲಕ್ಕೆ ತಾಗುವ ಮೈಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪನೆಯ ಗೆರೆ ಎಳೆಯುವುದು. ರಸ್ತೆಯ ಕೊನೆಯವರೆಗೆ ಹೋಗಿ ಬರುವುದು. ನಡುವೆ ಮಾತ್ರ ಅಳಿದಿದ್ದರೆ ಗಾಳಿ ಹೆಚ್ಚು. ಟೈರು ಉಬ್ಬಿ ನಡುಮೈ ಮಾತ್ರ ನೆಲ ಮುಟ್ಟುತ್ತಿದೆ. ಅಂಚುಗಳು ಮಾತ್ರ ಅಳಿದಿದ್ದರೆ ಕಡಿಮೆ. ಗೆರೆ ಪೂರ್ತಿ ಅಳಿದರೆ ಸರಿ. ಎದುರುಮನೆ ಆಂಟಿ ತಮ್ಮ ಹೊಸಿಲಿಗೆ ರಂಗೋಲಿ ಹಾಕುತ್ತಾ, "ನಿಮ್ಮ ಕಾರಿನ ರಂಗೋಲಿ ಆಯ್ತೇನ್ರೀ?" ಎಂದು ಕೇಳುತ್ತಿದ್ದರಂತೆ. "ಆಯ್ತು ರೀ. ನಿಮ್ದು ಉಳೀಬೇಕು, ನಂದು ಅಳೀಬೇಕು," ಎನ್ನುತ್ತಿದ್ದರಂತೆ ಇವರು. ಹಾಗೆ ಅಳಿಸಿ ಅಳಿಸಿ ಮುಂದಿನವಕ್ಕೆ ಇಪ್ಪತ್ತಾರು ಪೌಂಡು, ಹಿಂದಿನವಕ್ಕೆ ಇಪ್ಪತ್ತೆಂಟು ಎಂದು ಗೊತ್ತು ಮಾಡಿಕೊಂಡಿದ್ದರು. ಮುಂದಿನದು ಇಪ್ಪತ್ತನಾಲ್ಕೋ ಏನೋ ಎಂದು ಈಗ ಬರೆಯುವಾಗ ಅನುಮಾನ ಬರುತ್ತಿದೆ. ಇರಲಿ, ಇಪ್ಪತ್ತಾರು ಎಂದೇ ಇಟ್ಟುಕೊಳ್ಳುತ್ತೇನೆ.

ಮಾಗಡಿ ರಸ್ತೆಗೆ ನಾವು ಹೋದದ್ದು ಮೀಟರು ಈಗ ನಿಜ ಹೇಳುತ್ತಿದೆಯೇ ಎಂದು ನೋಡಲು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳ ಜೊತೆ ಮೀಟರನ್ನು ತಾಳೆ ನೋಡಬೇಕಿತ್ತು. ಅವರು ಓಡಿಸುವುದು, ನಾನು ಕಲ್ಲು ಬಂದಾಗ "ಬಂತು" ಎಂದು ಕೂಗುವುದು. ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಅಣ್ಣ ಯಾವುದೋ ಮದುವೆಗೆ ಕಾರು ತೆಗೆದುಕೊಂಡು ಹೋಗಿ, ಸಂಜೆ ತಂದು ನಿಲ್ಲಿಸಿದ್ದರು. "ಪೆಟ್ರೋಲ್ ಹಾಕ್ಸಿದೀನಿ," ಎಂದಷ್ಟೇ ಹೇಳಿದ್ದರು. ಮೇಡಂ ಶುಕ್ರವಾರ ಗಾಳಿ ನೋಡಿದ್ದರಿಂದ ಮತ್ತೆ ನೋಡಲಿಲ್ಲ.

ಸುಂಕದಕಟ್ಟೆ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆ ನೀಲಗಿರಿ ತೋಪಿನ ಪಕ್ಕ ಎಡಕ್ಕೆ ತಿರುಗುತ್ತಿತ್ತು. ಲಾರಿಯಿಂದ ಸುರಿದಿದ್ದ ಮರಳು ಅಲ್ಲಲ್ಲಿ ಹರಡಿತ್ತು. ನಾನು ಮುಂದಿನ ಕಲ್ಲನ್ನೇ ನೋಡುತ್ತಿದ್ದೆ. ಕಾರಿನ ಹಿಂಭಾಗ ಒಮ್ಮೆಗೇ ನಮ್ಮನ್ನು ಬಿಟ್ಟು ಬೇರೆ ಕಡೆ ಹೊರಟಂತೆ ಆಯಿತು. ತೋಪು, ಆಕಾಶ, ಮತ್ತೆ ತೋಪು. ಕಣ್ಣು ಬಿಟ್ಟಾಗ ಕಾರು ಬೆಂಗಳೂರಿನ ಕಡೆಗೆ ಮುಖ ಮಾಡಿಕೊಂಡು, ಹಿಂದಿನ ಚಕ್ರ ಚರಂಡಿಯಲ್ಲಿ ಇಳಿಸಿ ನಿಂತಿತ್ತು. ಒಂದು ದೀಪ ಒಡೆದಿತ್ತು. ನಮಗಿಬ್ಬರಿಗೂ ಏನೂ ಆಗಿರಲಿಲ್ಲ.

"ಉಸಿರಾಡ್ತಾ ಇದೀಯೇನೇ?" ಎಂದರು.

"ಹೂಂ."

"ಹಾಗಿದ್ರೆ ಆ ಬ್ಯಾಗು ಕೊಡು."

ಇಳಿದವರು ಮೊದಲು ಮಾಡಿದ ಕೆಲಸ ಗೇಜು ತೆಗೆದು ಟೈರಿಗೆ ಒತ್ತಿದ್ದು. ಅಂಕಿ ನೋಡಿ ಮುಖ ಬಿಗಿಯಾಯಿತು. ನಾಲ್ಕಕ್ಕೂ ಒತ್ತಿದರು. "ಬಿಸಿ ಇದೆ. ಈಗಲೇ ಹೇಳಲ್ಲ," ಎಂದರು. ಅಷ್ಟರಲ್ಲಿ ಹತ್ತಿರದ ಹೊಲದಿಂದ ನಾಲ್ಕೈದು ಜನ ಬಂದರು. ಎಲ್ಲರೂ ಸೇರಿ ಕಾರನ್ನು ಎತ್ತಿ ರಸ್ತೆಗಿಟ್ಟರು. ಹೊರಡುತ್ತಾರೆಂದುಕೊಂಡರೆ ಮೇಡಂ ತೋಪಿನ ನೆರಳಿಗೆ ಕಾರು ನಿಲ್ಲಿಸಿ, ಕೆಳಗೆ ಕೂತರು. ಬುಟ್ಟಿಯಲ್ಲಿ ಸೀಬೆಹಣ್ಣು ಇಟ್ಟುಕೊಂಡು ಸಂತೆಗೆ ಹೊರಟಿದ್ದ ಒಬ್ಬರು ಅಲ್ಲೇ ನಿಂತಿದ್ದರು. ಅವರಿಂದ ಹಣ್ಣು ಕೊಂಡು ತಿನ್ನುತ್ತಾ ಕೂತೆವು.

"ಇನ್ನೇನ್ ಕಾಯ್ತಿದೀರವ್ವಾ?" ಎಂದು ಆ ಹಣ್ಣಿನವರು ಕೇಳಿದರು.

"ಟೈರು ತಣ್ಣಗಾಗೋದನ್ನ."

"ನೀರ್ ಉಯ್ಯಾನಾ?"

"ಬೇಡಿ. ತಾನಾಗೇ ಆಗ್ಲಿ."

ಅವರು ನನ್ನ ಕಡೆ ನೋಡಿ, ಪೆಟ್ಟು ತಲೆಗೇನಾದರೂ ಬಿತ್ತೇ ಎಂಬಂತೆ ಸನ್ನೆ ಮಾಡಿದರು. ಬಿಸಿಲು ಏರುವವರೆಗೂ ಕೂತಿದ್ದೆವು. ಆಮೇಲೆ ಗೇಜು ಒತ್ತಿದಾಗಲೂ ನಲವತ್ತರ ಹತ್ತಿರ ತೋರಿಸಿತು. ಇಪ್ಪತ್ತಾರಿರಬೇಕಾದ ಕಡೆ ನಲವತ್ತು. "ಅಣ್ಣ," ಎಂದರು ಮೇಡಂ. ಕೂಗಿದ ಹಾಗಲ್ಲ, ಲೆಕ್ಕದ ಉತ್ತರ ಹೇಳಿದ ಹಾಗೆ.

"ಗಾಳಿ ಬಿಟ್ಟುಬಿಡಿ ಮೇಡಂ, ನಿಧಾನಕ್ಕೆ ಹೋಗೋಣ," ಎಂದೆ.

"ನಿಧಾನಕ್ಕೆ ಹೋಗೋಣ. ಗಾಳಿ ಬಿಡಲ್ಲ. ಒಂದು ಪೌಂಡೂ ಬಿಡಲ್ಲ. ಹಾಗೇ ತಗೊಂಡ್ಹೋಗಿ ತೋರಿಸ್ತೀನಿ."

ಎರಡನೆಯ ಗೇರಿನಲ್ಲಿ, ಎತ್ತಿನಗಾಡಿಗಳಿಗೂ ದಾರಿ ಬಿಟ್ಟುಕೊಡುತ್ತಾ ಬಂದೆವು. ದಾರಿಯುದ್ದಕ್ಕೂ ಯಾರೊಬ್ಬರೂ "ಗಾಳಿ ಕಮ್ಮಿ" ಎನ್ನಲಿಲ್ಲ. ಅವತ್ತು ಟೈರುಗಳು ಜನರ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದವು.

ಸಂಜೆ ಅಣ್ಣ ಬಂದರು. ಒಡೆದ ದೀಪವನ್ನು ನೋಡಿದವರೇ ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಲೇ ಶುರುಮಾಡಿದರು. "ನಾನ್ ಹೇಳಿರ್ಲಿಲ್ವಾ? ಅಪ್ಪಾ, ಆಚೆ ಬನ್ನಿ. ನೋಡಿ ನಿಮ್ಮ ಮಗಳ ಪ್ರತಾಪಾನ." ತಂದೆ ಬಂದು ಕಾಂಪೌಂಡಿನ ಪಕ್ಕ ನಿಂತರು. ಅಣ್ಣ ನನ್ನ ಕಡೆ ತಿರುಗಿದರು. "ನೀನು ಜೊತೇಲಿದ್ಯಲ್ಲಮ್ಮ. ನಿಜ ಹೇಳು. ಎಷ್ಟ್ ಸ್ಪೀಡಲ್ಲಿದ್ಲು?"

"ನಾನು ಕಲ್ಲು ನೋಡ್ತಾ ಇದ್ದೆ ಸಾರ್. ಮುಳ್ಳು ನೋಡ್ಲಿಲ್ಲ."

"ಅರವತ್ತಾ, ಎಂಬತ್ತಾ?"

ನಲವತ್ತು ಎಂದುಬಿಡಬೇಕು ಎಂದು ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೇಡಂ ನಡುವೆ ಬಂದರು. "ಅವಳನ್ನ ಬಿಡು ಅಣ್ಣ. ಅವಳಿಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ನೀನು ಹೇಳು, ನಿನ್ನೆ ಗಾಳಿ ಹಾಕ್ಸಿದ್ಯಾ?"

"ಹಾಕಿಸ್ದೆ. ಏನೀಗ? ನಾಲ್ಕೂ ಚಪ್ಪಟೆ ಬಿದ್ದಿದ್ವು. ಅಷ್ಟ್ ಜನ ಕೂತ್ಕೋಬೇಕಿತ್ತು. ಕಲ್ಲಿನ ಥರ ತುಂಬ್ಸು ಅಂದೆ. ಉಪಕಾರ ಮಾಡಿದೀನಿ ನಿಂಗೆ."

ಮೇಡಂ ಚೀಲದಿಂದ ಸೀಮೆಸುಣ್ಣ ತೆಗೆದು, ರಸ್ತೆಯಲ್ಲಿ ಮಂಡಿಯೂರಿ, ನಾಲ್ಕೂ ಟೈರಿಗೆ ಗೆರೆ ಎಳೆದರು. ಕಾರು ಹತ್ತಿ ಕ್ರಾಸಿನ ಕೊನೆಯವರೆಗೆ ಹೋಗಿ ಬಂದರು. ಎದುರುಮನೆ ಆಂಟಿ ಗೇಟಿಗೆ ಬಂದು ನಿಂತರು. ಪಕ್ಕದ ಮನೆಯವರು ಮಹಡಿಯ ಮೇಲಿನಿಂದ ನೋಡಿದರು. ಮೇಡಂ ತಂದೆಯನ್ನು ಕರೆದು ತೋರಿಸಿದರು. ಗೆರೆ ನಡುವೆ ಒಂದಿಷ್ಟು ಅಳಿದಿತ್ತು. ಎರಡೂ ಅಂಚಿನಲ್ಲಿ ಹಾಲಿನಂತೆ ಬೆಳ್ಳಗೆ ಉಳಿದಿತ್ತು.

"ಇಷ್ಟಗಲದ ಟೈರು ಹಾಕ್ಸಿದೀನಪ್ಪ, ನೆಲ ಹಿಡೀಲಿ ಅಂತ. ಹಿಡೀತಾ ಇರೋದು ನೋಡಿ, ಇಷ್ಟೇ." ಎರಡು ಬೆರಳು ಇಟ್ಟು ತೋರಿಸಿದರು. "ಮರಳಿನ ಮೇಲೆ ಇದು ಕಾರಲ್ಲ, ಗೋಲಿ."

ಅಣ್ಣ ನಕ್ಕರು. "ಕ್ಲಾಸಲ್ಲಿ ಹುಡುಗ್ರಿಗೆ ಹೇಳ್ಕೋ ಇದನ್ನೆಲ್ಲ. ಚಾಕ್‌ಪೀಸ್ ಹಿಡ್ಕೊಂಡು ನಂಗೆ ಪಾಠ ಮಾಡ್ಬೇಡ. ಕೊಡು ಕೀ."

ಮೇಡಂ ಕೊಟ್ಟೇಬಿಟ್ಟರು.

"ತಗೋ. ನೀನು ತುಂಬಿಸಿದ ಗಾಳಿ ಹಾಗೇ ಇದೆ, ನಾನು ಮುಟ್ಟಿಲ್ಲ. ಈಗ್ಲೇ ಹೋಗೋಣ, ಅದೇ ತಿರುವಿಗೆ. ಮರಳೂ ಅಲ್ಲೇ ಇದೆ. ನೀನು ಓಡ್ಸು, ನಾನು ಪಕ್ಕದಲ್ಲಿ ಕೂತ್ಕೋತೀನಿ. ಸ್ಪೀಡೂ ನೀನೇ ಹೇಳು. ಅರವತ್ತೋ, ಎಂಬತ್ತೋ. ನೀನು ತಿರುಗಿಸಿ ತೋರಿಸಿದ್ರೆ ಕಾರು ನಿಂದು. ನಾನು ಬಸ್ಸಲ್ಲಿ ಓಡಾಡ್ತೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಉಪಕಾರ ಮಾಡಿದೀನಿ ಅಂದ್ಯಲ್ಲ. ಆ ಉಪಕಾರದ ಮೇಲೆ ನೀನೂ ಒಂದ್ಸಲ ಕೂತು ನೋಡು."

ಅಣ್ಣ ಟೈರನ್ನು ಒಮ್ಮೆ ಒದ್ದರು. ಠಣ್ ಎಂದಿತು. ಕಾರು ಹತ್ತಿದರು. ಮೇಡಂ ಪಕ್ಕದ ಬಾಗಿಲು ತೆಗೆಯುವಷ್ಟರಲ್ಲಿ ಅವರೊಬ್ಬರೇ ಹೊರಟು, ಕ್ರಾಸಿನ ಕೊನೆಯವರೆಗೆ ಹೋದರು. ಮಾಗಡಿ ರಸ್ತೆಗೆ ಬಲಕ್ಕೆ ತಿರುಗಬೇಕು. ಕಾರಿನ ಹಿಂದಿನ ಕೆಂಪು ದೀಪ ಸ್ವಲ್ಪ ಹೊತ್ತು ಅಲ್ಲೇ ಉರಿಯಿತು. ಆಮೇಲೆ ಕಾರು ಮೆಲ್ಲನೆ ಹಿಂದಕ್ಕೆ ತಿರುಗಿ ಮನೆಯ ಮುಂದೆ ಬಂದು ನಿಂತಿತು.

"ಬ್ರೇಕ್ ಒಂದ್ಕಡೆ ಎಳೀತಾ ಇದೆ. ನಾಳೆ ತೋರ್ಸು," ಎಂದರು. ಕೀಯನ್ನು ತಂಗಿಯ ಕೈಗೆ ಕೊಡಲಿಲ್ಲ, ಕಾಂಪೌಂಡ್ ಗೋಡೆಯ ಮೇಲೆ ಇಟ್ಟರು. ಸ್ಕೂಟರು ಮೊದಲ ಒದೆತಕ್ಕೆ ಸ್ಟಾರ್ಟ್ ಆಗಲಿಲ್ಲ. ಅದೊಂದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ತಂದೆ ಗೋಡೆಯ ಮೇಲಿದ್ದ ಕೀ ತೆಗೆದುಕೊಂಡು ಮಗಳ ಹತ್ತಿರ ಬಂದರು. ಅಷ್ಟು ಹೊತ್ತಿನಲ್ಲಿ ಅವರು ಆಡಿದ್ದು ಒಂದೇ ಮಾತು.

"ಎಷ್ಟಿರ್ಬೇಕಮ್ಮ ಗಾಳಿ?"

"ಮುಂದೆ ಇಪ್ಪತ್ತಾರು, ಹಿಂದೆ ಇಪ್ಪತ್ತೆಂಟು ಅಪ್ಪ. ಬೆಳಿಗ್ಗೆ, ತಣ್ಣಗಿದ್ದಾಗ."

ತಂದೆ ತಲೆಯಾಡಿಸಿ ಕೀ ಕೊಟ್ಟು ಒಳಗೆ ಹೋದರು. ಮೇಡಂ ಆಗ ಗಾಳಿ ಬಿಡಲು ಕೂತರು. ನಾಲ್ಕು ಟೈರಿನ 'ಸುಸ್' ಎನ್ನುವ ಸದ್ದು ಆ ಬೀದಿಯಲ್ಲಿ ಬಹಳ ಹೊತ್ತು ಕೇಳುತ್ತಿತ್ತು. ಮತ್ತೆ ಗೆರೆ ಎಳೆದು, ಹೋಗಿ ಬಂದರು. ಗೆರೆ ಈ ಅಂಚಿನಿಂದ ಆ ಅಂಚಿಗೆ ಅಳಿದಿತ್ತು. ಎದುರುಮನೆ ಆಂಟಿ ಗೇಟಿನಿಂದಲೇ, "ಪೂರ್ತಿ ಹೋಯ್ತಲ್ಲಾ ರೀ!" ಎಂದು ಕೂಗಿದರು. ನಿವೃತ್ತರಾಗುವವರೆಗೂ ಮೇಡಂ ತಮ್ಮ ಕಾರಿನಲ್ಲೇ ಕಾಲೇಜಿಗೆ ಬಂದರು. ಕಾರುಗಳು ಬದಲಾದವು, ಚೀಲದ ಒಳಬಟ್ಟೆ ಬೆಳ್ಳಗೇ ಉಳಿಯಿತು.

ಅಣ್ಣ ಅವರಿಗೆ ಕಾರು ಕಲಿಸಿದ್ದು ನಿಜವಿರಬಹುದು. ನಾನು ಅಲ್ಲಿರಲಿಲ್ಲ, ಮೇಡಂ ಆ ಬಗ್ಗೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಎಂಬತ್ತು ದಾಟಿದವರ ನೆನಪಿನಲ್ಲಿ ಎದುರಾಡಿದ ತಂಗಿ ಮೆತ್ತಗಾಗಿರುವುದೂ ಸಹಜವೇ. ನನ್ನ ನೆನಪಿನಲ್ಲಿ ಮೇಡಂ ಇದ್ದದ್ದಕ್ಕಿಂತ ಗಡುಸಾಗಿರಬಹುದು. ಅಷ್ಟನ್ನು ಒಪ್ಪುತ್ತೇನೆ. ಗಾಳಿಯ ವಿಷಯದಲ್ಲಿ ಒಪ್ಪುವುದಿಲ್ಲ.

ಅವತ್ತು ಸಭೆ ಮುಗಿದು ಎಲ್ಲರೂ ಕಾಫಿಗೆ ಎದ್ದಾಗ ನಾನು ಕರಿಹಲಗೆಯ ಅಂಚಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು ಕೆಳಗಿಳಿದೆ. ಅಣ್ಣನ ಮಗ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿ, ತಂದೆ ಇಳಿದು ಬರುವುದನ್ನು ಕಾಯುತ್ತಿದ್ದ. ಈಗ ಎಲ್ಲರ ಕಾರಿಗೂ ಅಂಥದೇ ಟೈರು, ಅಗಲವಾಗಿ, ಗಿಡ್ಡಗೆ. ಯಾರೂ ತಿರುಗಿ ನೋಡುವುದಿಲ್ಲ. ನನಗೂ ಮಂಡಿ ನೋವು. ಆದರೂ ಬಗ್ಗಿ, ಹಿಂದಿನ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಒಂದು ಗೆರೆ ಎಳೆದೆ.

ಮಗ ಕಿಟಕಿಯಿಂದ ತಲೆ ಹೊರಹಾಕಿದ. "ಏನ್ ಆಂಟಿ ಅದು?"

"ಮನೆಗೆ ಹೋದ್ಮೇಲೆ ನಿಮ್ಮ ತಂದೆಯವರಿಗೆ ತೋರ್ಸಪ್ಪ," ಎಂದೆ. "ಅವರಿಗೆ ಓದೋಕೆ ಬರುತ್ತೆ."